ಒಂಬತ್ತನೇ ಕೋಣೆಯ ಸ್ಟೂಲು

ನಾನು ಒಂದು ಸ್ಟೂಲು. ಹುಟ್ಟಿದ್ದು ಜೈಲಿನಲ್ಲಿ. ಗಾಬರಿಯಾಗಬೇಡಿ, ನಾನೇನೂ ತಪ್ಪು ಮಾಡಿರಲಿಲ್ಲ. ಕೈದಿಗಳಿಗೆ ಬಡಗಿ ಕೆಲಸ ಕಲಿಸುವ ಶೆಡ್ಡಿನಲ್ಲಿ ಬೇವಿನ ಹಲಗೆಯಿಂದ ನನ್ನನ್ನು ಮಾಡಿದರು. ಮಾಡಿದವನಿಗೆ ಅದು ಮೊದಲ ಕೆಲಸ. ಹಾಗಾಗಿ ನನ್ನ ಒಂದು ಕಾಲು ಗಿಡ್ಡ.

ಮೊದಲು ತಾಲ್ಲೂಕು ಕೋರ್ಟಿಗೆ ಹೋದೆ. ಹನ್ನೊಂದು ವರ್ಷ ವಾದ ಕೇಳಿ ಕೇಳಿ ಅರ್ಧ ವಕೀಲನಾದೆ. ಅಲ್ಲಿಗೆ ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಗದಗಿನ ಕಡೆಯ ಒಂದು ಸರಕಾರಿ ಆಸ್ಪತ್ರೆಯ ಒಂಬತ್ತನೇ ಕೋಣೆ ಸೇರಿದೆ. ಅದು ಗುಪ್ತರೋಗ ನೋಡುವ ಕೋಣೆ. ಬಾಗಿಲ ಮೇಲೆ ನಂಬರು ಬಿಟ್ಟರೆ ಬೇರೆ ಬೋರ್ಡಿಲ್ಲ. ಬಂದವರೆಲ್ಲ ತಲೆ ತಗ್ಗಿಸಿಯೇ ಕೂರುವುದರಿಂದ ಅವರ ಮುಖ ಡಾಕ್ಟರಿಗಿಂತ ನನಗೇ ಚೆನ್ನಾಗಿ ಗೊತ್ತು.

ಒಂದು ದಿನ ಬೋರ್‌ವೆಲ್ ಲಾರಿಯಲ್ಲಿ ದುಡಿಯುವ ಫಕ್ಕೀರೇಶ ಬಂದ. ಊರೂರು ತಿರುಗಿ ರೋಗ ಹತ್ತಿಸಿಕೊಂಡಿದ್ದ. ಡಾಕ್ಟರ್ ಇಟಗಿ ಅವನಿಗೆ ಗುಳಿಗೆ ಕೊಟ್ಟು, ಹೆಂಡತಿಯನ್ನೂ ಕರೆತರಲು ಹೇಳಿದರು.

"ಬ್ಯಾಡ್ರಿ ಸಾಹೇಬ್ರ. ಆಕಿ ಗುಳಗೀನೂ ನನ್ನ ಕೈಯಾಗ ಕೊಡ್ರಿ. ರಕ್ತ ಹೆಚ್ಚಾಗೋ ಗುಳಗಿ ಅಂತ ಹೇಳಿ ನುಂಗಸ್ತೀನಿ."

ಡಾಕ್ಟರಿಗೆ ಅತ್ತ ದರಿ ಇತ್ತ ಪುಲಿ. ಅವಳಿಗೆ ವಿಷಯ ಹೇಳಿದರೆ ರೋಗಿಯ ಗುಟ್ಟು ಬಿಟ್ಟುಕೊಟ್ಟಂತೆ. ಸುಮ್ಮನಿದ್ದರೆ ಏನೂ ಅರಿಯದ ಹೆಂಗಸು ರೋಗ ಅನುಭವಿಸಬೇಕು. ತಾವು ಕಣ್ಣಾರೆ ನೋಡಿರದ ಹೆಂಗಸಿಗೆ ಸುಳ್ಳು ಹೆಸರಿನಲ್ಲಿ ಔಷಧಿ ಕೊಟ್ಟರೆ ನಾಳೆ ಕಟಕಟೆ ಹತ್ತಬೇಕಾದವರು ಇವರೇ. ಅರ್ಧ ವಕೀಲನಾದ ನನಗೂ ದಾರಿ ಹೊಳೆಯಲಿಲ್ಲ.

"ಆಕಿ ಮೈ, ಆಕೀನ್ನ ಕೇಳಬೇಕು," ಎಂದರು ಡಾಕ್ಟರು. "ನಿನ್ನ ಸುದ್ದಿ ನಾ ಹೇಳಂಗಿಲ್ಲ. ಈ ಚೀಟಿ ಕೊಡು, ಸಾಕು."

ಚೀಟಿಯಲ್ಲಿ ರೋಗದ ಹೆಸರಿರಲಿಲ್ಲ, ಬರೀ ಡಾಕ್ಟರಿಗಷ್ಟೇ ಅರ್ಥವಾಗುವ ಒಂದು ನಂಬರು. ಫಕ್ಕೀರೇಶ ಅರ್ಧ ತಾಸು ಕೂತು ನನ್ನ ಗಿಡ್ಡ ಕಾಲನ್ನು ಕುಣಿಸಿದ. ಆಮೇಲೆ ಚೀಟಿಯನ್ನು ಜೇಬಿಗಿಟ್ಟುಕೊಂಡ.

ನಾಲ್ಕನೇ ದಿನ ಅದೇ ಚೀಟಿ ಹಿಡಿದು ಅವನ ಹೆಂಡತಿ ನೀಲವ್ವ ಬಂದಳು. ತಲೆ ತಗ್ಗಿಸದೆ ಕೂತವಳು ಅವಳೊಬ್ಬಳೇ.

"ನಮ್ಮ ಯಜಮಾನ್ರಿಗೆ ಏನಾಗೇತ್ರಿ?"

"ಅದನ್ನ ಅವರ ಹೇಳಬೇಕು ತಂಗಿ. ನಾ ನಿಂದಷ್ಟ ಕೇಳ್ತೀನಿ. ಯಾವ್ದರ ಔಷಧ ನಿನಗ ಆಗಿಬರಂಗಿಲ್ಲೇನು?"

"ಲಗ್ನಕ್ಕ ಮೊದಲ ಹಲ್ಲು ಕೀಳಿಸಿದಾಗ ಒಂದು ಗುಳಗಿ ಕೊಟ್ಟಿದ್ರು. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತ್ರಿ."

ಎಲೆಯಡಿಕೆಯ ಸಂಚಿಯಿಂದ ಆ ಗುಳಿಗೆಯ ಹೆಸರಿದ್ದ ಖಾಲಿ ಸ್ಟ್ರಿಪ್ಪು ತೆಗೆದು ತೋರಿಸಿದಳು. ಹೆಸರು ಮರೆಯಬಾರದೆಂದು ಜೋಪಾನವಾಗಿ ಇಟ್ಟುಕೊಂಡಿದ್ದಳು. ಡಾಕ್ಟರು ಅದನ್ನು ಎರಡು ಸಲ ಓದಿದರು. ಗಂಡನಿಗೆ ಕೊಟ್ಟದ್ದೂ ಅದೇ ಜಾತಿಯ ಗುಳಿಗೆ. ಡಾಕ್ಟರು ಅವಳ ಒಪ್ಪಿಗೆ ಕೇಳಿ ಪರೀಕ್ಷಿಸಿ, ಅವಳಿಗಿರುವ ರೋಗ ತಿಳಿಸಿ, ಬೇರೆ ಔಷಧಿ ಬರೆದರು.

ವಾರ ಕಳೆದು ಇಬ್ಬರೂ ಕೂಡಿ ಬಂದರು. ಕೂರಲು ಇದ್ದದ್ದು ನಾನೊಬ್ಬನೇ. ನೀಲವ್ವ ಕೂತಳು, ಫಕ್ಕೀರೇಶ ನಿಂತ.

"ಎಲ್ಲಾ ಬಾಯಿ ಬಿಟ್ಟಾರ್ರಿ," ಎಂದಳು ನೀಲವ್ವ. "ಅದಕ್ಕ ವಾರದಿಂದ ರೊಟ್ಟಿ ಅವರ ಬಡಿಯಾಕತ್ತಾರ."

"ಸುಟ್ಟಿದ್ದನ್ನೂ ನಾನ ತಿನ್ನಾಕತ್ತೀನ್ರಿ," ಎಂದ ಫಕ್ಕೀರೇಶ. ಡಾಕ್ಟರು ನಕ್ಕರು. ಅವನು ನಗಲಿಲ್ಲ. "ಅವತ್ತ ನನ್ನ ಕೈಯಾಗ ಗುಳಗಿ ಕೊಟ್ಟಿದ್ರ, ಈಕೀನ್ನ ನಾನ ಕೊಂದಿರತಿದ್ದೆ ಸಾಹೇಬ್ರ."

ನೀಲವ್ವ ಸ್ವಲ್ಪ ಸರಿದು ನನ್ನ ಅಂಚಿನಲ್ಲಿ ಜಾಗ ಬಿಟ್ಟಳು. ಅವನು ಅಂಜುತ್ತಲೇ ಕೂತ. ಇಬ್ಬರ ಭಾರವನ್ನೂ ಅವತ್ತು ಸಂತೋಷದಿಂದ ಹೊತ್ತೆ.

ಈಗ ನನ್ನ ಗಿಡ್ಡ ಕಾಲು ಮುರಿದಿದೆ. ಅದರ ಜಾಗದಲ್ಲಿ ಇಟ್ಟಿಗೆ ಇಟ್ಟಿದ್ದಾರೆ. ಅದೇ ಕೋಣೆಯ ಮೂಲೆಯಲ್ಲಿ ಕುಡಿಯುವ ನೀರಿನ ಕೊಡ ಹೊತ್ತು ಸುಖವಾಗಿದ್ದೇನೆ. ಅಂದ ಹಾಗೆ, ಫಕ್ಕೀರೇಶ, ನೀಲವ್ವ ಯಾರೆಂದು ಹುಡುಕಲು ಹೋಗಬೇಡಿ. ಅವರ ಗುಟ್ಟು ಕಾಯಲೆಂದು ಆ ಹೆಸರುಗಳನ್ನು ಇಟ್ಟವನು ನಾನೇ. ಬೋರ್‌ವೆಲ್ ಲಾರಿಯೂ ನಾನು ಕಟ್ಟಿ ಹೇಳಿದ್ದೇ. ಸುಟ್ಟ ರೊಟ್ಟಿ ಮಾತ್ರ ನಿಜ, ಅದನ್ನು ಹೇಳಲು ನೀಲವ್ವನ ಒಪ್ಪಿಗೆ ಇದೆ.