ಹುಲ್ಲು ತಿಂದ ಆಡು ಮತ್ತು ರಮಾನಾಥರ ಪಾಲಿನ ಅನ್ನ

ಸಕ್ಕರೆ ಕಾಯಿಲೆ ಬಂದವರಿಗೆ ನಮ್ಮ ಕಡೆ ಮದ್ದಿಗಿಂತ ಮೊದಲು ಸಿಗುವುದು ಸಲಹೆ. ಹಾಗಲಕಾಯಿ ರಸ ಕುಡಿಯಿರಿ ಎಂದು ಒಬ್ಬರು, ಮೆಂತೆ ನೆನೆಸಿ ತಿನ್ನಿ ಎಂದು ಇನ್ನೊಬ್ಬರು, ಅನ್ನ ಬಿಡಿ ಎಂದು ಎಲ್ಲರೂ. ಅನ್ನ ಬಿಡಿ ಎನ್ನುವವರು ಅದನ್ನು ಹೇಳುವುದು ಅನ್ನದ ಬಟ್ಟಲು ಮುಂದಿಟ್ಟುಕೊಂಡೇ.

ತೋಡಾರಿನ ರಮಾನಾಥರು ಆರು ವರ್ಷ ಈ ಸಲಹೆಗಳಿಗೆಲ್ಲ ತಲೆಯಾಡಿಸಿ ಸುಮ್ಮನಿದ್ದರು. ಮೂವತ್ತು ವರ್ಷ ಹೋಟೆಲು ನಡೆಸಿದ ಮನುಷ್ಯ. ಏನು ತಿನ್ನಬೇಕೆಂದು ಬೇರೆಯವರಿಗೆ ಹೇಳಿ ಅಭ್ಯಾಸವೇ ಹೊರತು ಹೇಳಿಸಿಕೊಂಡು ಅಲ್ಲ. ಮೂಡುಬಿದಿರೆಯ ಡಾಕ್ಟರು ಬರೆದುಕೊಟ್ಟ ಎರಡು ಬಗೆಯ ಮಾತ್ರೆ ನುಂಗುವುದು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನಕ್ಕೆ ಮೀನಿನ ಸಾರು ಸುರಿದುಕೊಂಡು ಉಣ್ಣುವುದು, ಮೂರು ತಿಂಗಳಿಗೊಮ್ಮೆ ಡಾಕ್ಟರಿಂದ ಬೈಸಿಕೊಂಡು ಬರುವುದು. ಹೀಗೆ ನಡೆದಿತ್ತು.

ಆಗ ಹೆಂಡತಿ ಕಾಂತಿಯ ತಮ್ಮ ಶಿಶಿರ್ ಕತಾರಿನಿಂದ ರಜೆಯಲ್ಲಿ ಬಂದ. ಹದಿನೆಂಟು ಕಿಲೋ ಇಳಿದಿದ್ದ. ಹಳೆಯ ಶರಟಿನೊಳಗೆ ಇನ್ನೊಬ್ಬ ಶಿಶಿರನಿಗೆ ಜಾಗವಿತ್ತು.

“ಕಾರ್ಬ್ ಬಿಡ್ಬೇಕು ಭಾವ,” ಅಂದ. “ಅನ್ನ, ದೋಸೆ, ರೊಟ್ಟಿ, ಬಾಳೆಹಣ್ಣು, ಎಲ್ಲ ಕಟ್. ಮಾಂಸ ಎಷ್ಟು ಬೇಕಾದ್ರೂ ತಿನ್ನಿ.”

ಆರು ವರ್ಷದಲ್ಲಿ ರಮಾನಾಥರಿಗೆ ಹಿಡಿಸಿದ ಮೊದಲ ಸಲಹೆ ಇದು. “ಎಷ್ಟು ಬೇಕಾದ್ರೂ?” ಎಂದು ಖಚಿತ ಮಾಡಿಕೊಂಡರು.

“ಒಂದು ಕಂಡೀಶನ್ ಉಂಟು. ಗ್ರಾಸ್ ಫೆಡ್ ಆಗ್ಬೇಕು. ಹುಲ್ಲು ತಿಂದು ಬೆಳೆದ ಪ್ರಾಣಿಯದ್ದು. ಗ್ರೇನ್ ಫೆಡ್ ಬೇಡ, ಅಂದ್ರೆ ಜೋಳ, ಹಿಂಡಿ ಎಲ್ಲ ಹಾಕಿ ಕೊಬ್ಬಿಸಿದ್ದು. ಆ ಧಾನ್ಯ ಎಲ್ಲಿಗೆ ಹೋಗ್ತದೆ? ಮಾಂಸಕ್ಕೆ. ಮಾಂಸ ಎಲ್ಲಿಗೆ ಹೋಗ್ತದೆ? ನಿಮಗೆ.”

ರಮಾನಾಥರಿಗೆ ಲೆಕ್ಕ ಸರಿಯೆಂದೇ ಕಂಡಿತು. ಶಿಶಿರನಿಗೆ ಇದ್ದದ್ದು ಹೊಟ್ಟೆ, ತನಗಿರುವುದು ಸಕ್ಕರೆ, ಶಿಶಿರ್ ಒಂದು ಮಾತ್ರೆಯನ್ನೂ ನುಂಗುವವನಲ್ಲ ಎಂಬುದು ಆ ಹೊತ್ತಿಗೆ ಯಾರ ತಲೆಗೂ ಹೊಳೆಯಲಿಲ್ಲ. ಮರುದಿನದಿಂದ ಅನ್ನ ನಿಂತಿತು. ಮಾತ್ರೆಗಳು ಹಾಗೆಯೇ ಮುಂದುವರಿದವು.

“ಡಾಕ್ಟರಿಗೆ ಒಂದು ಮಾತು ಹೇಳುವುದು ಬೇಡವಾ?” ಎಂದು ಕಾಂತಿ ಕೇಳಿದರು.

“ಎಂತ ಹೇಳುದು? ಅನ್ನ ಕಮ್ಮಿ ಮಾಡಿ ಅಂತ ಅವರೇ ಆರು ವರ್ಷದಿಂದ ಹೇಳುದಲ್ಲವಾ?”

ಶಿಶಿರ್ ಕತಾರಿಗೆ ಹೋದ. ಅಲ್ಲಿ ಮಾಂಸದ ಪೊಟ್ಟಣದ ಮೇಲೆ ಪ್ರಾಣಿ ಏನು ತಿಂದಿತ್ತೆಂದು ಅಚ್ಚು ಹಾಕಿರುತ್ತಾರಂತೆ. ನಮ್ಮಲ್ಲಿ ಮಾಂಸ ಬರುವುದು ಬಾಳೆಲೆಯಲ್ಲಿ ಸುತ್ತಿಕೊಂಡು. ಎಲೆಯ ಮೇಲೆ ಏನೂ ಬರೆದಿರುವುದಿಲ್ಲ. ರಮಾನಾಥರು ಬಂಟ್ವಾಳ ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರು. “ಇದು ಹುಲ್ಲು ತಿಂದದ್ದಾ, ಧಾನ್ಯ ತಿಂದದ್ದಾ?”

ಅಂಗಡಿಯವನು ಕತ್ತಿ ಒರೆಸಿಕೊಂಡು ಹೇಳಿದ, “ಇದು ಊಟ ಮಾಡುವಾಗ ನಾನು ಹತ್ತಿರ ಇರ್ಲಿಲ್ಲ ಸಾರ್.”

ಆ ಮಾಂಸ ತಂದು ತಿಂದ ಮರುದಿನ ಹನ್ನೊಂದು ಗಂಟೆಗೆ ರಮಾನಾಥರಿಗೆ ಬೆವರು ಬಂತು, ಕೈ ನಡುಗಿತು, ಕಣ್ಣು ಮಂಜಾಯಿತು. ಒಂದು ತುಂಡು ಮೀನು ಬಾಯಿಗೆ ಹಾಕಿಕೊಂಡು ಮಲಗಿದರು. ಎಷ್ಟೋ ಹೊತ್ತಿನ ಮೇಲೆ ಸರಿಯಾಯಿತು. “ಧಾನ್ಯ ತಿಂದ ಆಡು, ಅದೇ,” ಎಂದು ತೀರ್ಮಾನಿಸಿದರು.

ಯಾರೋ ನೆರಿಯದ ತುಕ್ರಪ್ಪನ ಹೆಸರು ಹೇಳಿದರು. ಕಾಡಿನ ಅಂಚಿನ ಊರು, ಅಲ್ಲಿನ ಆಡುಗಳು ಗುಡ್ಡದಲ್ಲೇ ಮೇಯುವಂಥವು. ಬೆಳ್ತಂಗಡಿ ದಾಟಿ ಅಲ್ಲಿಗೂ ಹೋದರು. ತುಕ್ರಪ್ಪ ಇಡೀ ಕಥೆ ಕೇಳಿ, ಸ್ವಲ್ಪ ಹೊತ್ತು ಯೋಚಿಸಿ ಹೇಳಿದ, “ನಮ್ಮ ಆಡು ಹುಲ್ಲು ತಿನ್ನುದು ಕಮ್ಮಿ ಧನಿ. ಅದಕ್ಕೆ ಸೊಪ್ಪೇ ಇಷ್ಟ. ಹುಲ್ಲು ದನಕ್ಕೆ.”

ಇದು ಹೊಸ ತೊಡಕು. ಸೊಪ್ಪು ಅಂದರೆ ಹುಲ್ಲಾ? ರಮಾನಾಥರು ಅಲ್ಲೇ ಗುಡ್ಡದಲ್ಲಿ ನಿಂತು ಸಿಗ್ನಲ್ ಹುಡುಕಿ ಶಿಶಿರನಿಗೆ ವಾಯ್ಸ್ ಮೆಸೇಜು ಕಳಿಸಿದರು. ಉತ್ತರ ಬಂತು: “ಲೀಫ್ ಅಂದ್ರೆ… ಕೇಳಿ ಹೇಳ್ತೇನೆ ಭಾವ.”

ನೆರಿಯದ ಮಾಂಸ ತಿಂದ ಮೂರನೆಯ ದಿನವೂ ಅದೇ ಬೆವರು, ಅದೇ ನಡುಕ. ಈಗ ಅವರು ಯಾರನ್ನೂ ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಪಕ್ಕದ ಹಿತ್ತಲಿನ ಮೈಮೂನಮ್ಮನಿಂದ ಒಂದು ಕಪ್ಪು ಗಂಡುಮರಿ ಕೊಂಡು ತಂದರು.

“ಸಾಕ್ಲಿಕ್ಕಾ ರಮಾನಾಥಣ್ಣ?” ಎಂದು ಮೈಮೂನಮ್ಮ ಕೇಳಿದರು.

“ತಿನ್ಲಿಕ್ಕೆ. ನಾನೇ ಬೆಳೆಸಿ, ನಾನೇ ನೋಡಿ.”

ಹಳೆಯ ಹಟ್ಟಿಯಲ್ಲಿ ಮರಿಯನ್ನು ಕಟ್ಟಿದರು. ಮೊದಲ ದಿನ ಒಂದು ಹೊರೆ ಹುಲ್ಲು ಹಾಕಿದರು. ಮರಿ ಅದರ ಮೇಲೆ ಮಲಗಿತು. ಎರಡನೆಯ ದಿನದಿಂದ ಹಲಸಿನ ಸೊಪ್ಪು ಶುರುವಾಯಿತು. ಮನೆಯಲ್ಲಿ ಒಂದು ಕಾನೂನು: ಹಿಂಡಿ ಇಲ್ಲ, ತೌಡು ಇಲ್ಲ, ಅಕ್ಕಿ ತೊಳೆದ ನೀರೂ ಇಲ್ಲ. ಕಾಂತಿ ಕೇಳಿಸಿಕೊಂಡರು. ಅವರು ಮರಿಗೆ ಕರಿಯ ಎಂದು ಹೆಸರಿಟ್ಟಾಗಲೇ ರಮಾನಾಥರು ಎಚ್ಚರವಾಗಬೇಕಿತ್ತು.

ಎರಡು ತಿಂಗಳಲ್ಲಿ ಕರಿಯ ಬೆಳೆದ ರೀತಿ ಎಂಥದ್ದು. ಬೆನ್ನು ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ರಮಾನಾಥರು ಫೋಟೋ ತೆಗೆದು ‘ಪ್ಯೂರ್ ಸೊಪ್ಪು’ ಎಂದು ಬರೆದು ಕತಾರಿಗೆ ಕಳಿಸಿದರು. ಆಡು ಉಬ್ಬುತ್ತ ಹೋದಂತೆ ಅವರು ಇಳಿಯುತ್ತ ಹೋದರು. ವಾರಕ್ಕೆ ಎರಡು ಸಲ ಬೆವರು, ನಡುಕ. ಒಮ್ಮೆ ಸ್ಕೂಟರಿನಲ್ಲಿ ಬರುವಾಗಲೇ ಕಣ್ಣು ಮಂಜಾಗಿ ಮಿಜಾರಿನ ತಿರುವಿನಲ್ಲಿ ಬದಿಗೆ ನಿಲ್ಲಿಸಿ ಕೂತಿದ್ದರು. ಅದನ್ನು ಕಾಂತಿಗೆ ಹೇಳಲಿಲ್ಲ. ಸಕ್ಕರೆ ಕಾಯಿಲೆ ಅಂದರೆ ಸಕ್ಕರೆ ಏರುವ ಕಾಯಿಲೆ ಎಂದು ಅವರು ತಿಳಿದಿದ್ದರು. ಅದು ಇಳಿದೂ ಮನುಷ್ಯನನ್ನು ಬೀಳಿಸಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಇನ್ನೊಂದು ತಿಂಗಳು, ಕರಿಯ ತಯಾರಾಗಲಿ, ಎಲ್ಲ ಸರಿಯಾಗುತ್ತದೆ ಎಂದುಕೊಂಡರು.

ಒಂದು ಮಂಗಳವಾರ ಬೆಳಿಗ್ಗೆ ಎರಡು ಮೊಟ್ಟೆ ತಿಂದು, ಮಾತ್ರೆ ನುಂಗಿ, ಹಲಸಿನ ಮರಕ್ಕೆ ಏಣಿ ಇಟ್ಟು ಸೊಪ್ಪು ಕೊಯ್ಯಲು ಹತ್ತಿದರು. ಎಂಟನೆಯ ಮೆಟ್ಟಿಲಲ್ಲಿ ಕತ್ತಿ ಕೈಯಿಂದ ಜಾರಿ ಕೆಳಗೆ ಬಿತ್ತು. ಆಡನ್ನು ನೋಡಿ ಹೋಗಲೆಂದು ಬಂದಿದ್ದ ಮೈಮೂನಮ್ಮ ತಲೆಯೆತ್ತಿ ನೋಡಿದರೆ, ಮನುಷ್ಯ ಏಣಿಯನ್ನು ತಬ್ಬಿಕೊಂಡು ನಡುಗುತ್ತಿದ್ದಾರೆ.

“ಇಳೀರಿ. ಮೆಲ್ಲ. ಕೆಳಗೆ ನೋಡ್ಬೇಡಿ, ನಾನು ಏಣಿ ಹಿಡ್ಕೊಂಡಿದ್ದೇನೆ,” ಎಂದರು ಮೈಮೂನಮ್ಮ. ಒಂದೊಂದೇ ಮೆಟ್ಟಿಲು ಇಳಿಸಿ ಜಗಲಿಯಲ್ಲಿ ಕೂರಿಸಿದರು. ಅಂಗಿ ಒದ್ದೆಯಾಗಿತ್ತು. “ಕಾಂತಿಯಕ್ಕಾ, ಅರ್ಧ ಗ್ಲಾಸು ನೀರಿಗೆ ಮೂರು ಚಮಚ ಸಕ್ಕರೆ ಹಾಕಿ ತನ್ನಿ. ಬೇಗ.”

“ಸಕ್ಕರೆ ಬೇಡ,” ರಮಾನಾಥರ ನಾಲಿಗೆ ತೊದಲಿತು. “ಅದು ಕಾರ್ಬ್.”

“ಕುಡೀರಿ ನೀವು. ಕಾರ್ಬಿಗೆ ನಾನು ಹೇಳ್ತೇನೆ.”

ಕುಡಿದರು. ಕಾಲು ಗಂಟೆಯಲ್ಲಿ ಕೈ ಸ್ಥಿರವಾಯಿತು.

“ನಿಮಗೆ ಇದು ಹೇಗೆ ಗೊತ್ತು?” ಎಂದು ಕಾಂತಿ ಕೇಳಿದರು.

“ನಾನೂ ಬಿದ್ದಿದ್ದೇನಲ್ಲ,” ಎಂದರು ಮೈಮೂನಮ್ಮ. “ಮೂರು ವರ್ಷದ ಹಿಂದೆ ಮಾತ್ರೆಯನ್ನೂ ನುಂಗಿ, ಉಪವಾಸವನ್ನೂ ಹಿಡಿದೆ. ಅಡಿಗೆಮನೆಯಲ್ಲೇ ಬಿದ್ದೆ. ಈಗ ಪ್ರತಿ ವರ್ಷ ಉಪವಾಸಕ್ಕೆ ಒಂದು ತಿಂಗಳು ಇರುವಾಗಲೇ ಹೋಗಿ ಕೇಳ್ತೇನೆ, ಯಾವ ಮಾತ್ರೆ, ಎಷ್ಟು, ಯಾವಾಗ ಅಂತ. ನೀವು ಅನ್ನ ಬಿಟ್ಟದ್ದೂ ಒಂದು ನಮೂನೆಯ ಉಪವಾಸವೇ ಅಲ್ಲವಾ? ಕೇಳಿದ್ದೀರಾ ಯಾರನ್ನಾದರೂ?”

ರಮಾನಾಥರು ಕತಾರಿನ ದಿಕ್ಕಿಗೆ ನೋಡಿದರು.

ಒಂದು ಲೋಟ ಹಾಲು ಕುಡಿಸಿ, ಮೂವರೂ ರಿಕ್ಷಾ ಹತ್ತಿ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದರು. ಅಲ್ಲಿನ ಆರೋಗ್ಯಾಧಿಕಾರಿ ವಿಸ್ಮಿತಾ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರು. ಎಪ್ಪತ್ತೆಂಟು.

“ಸಕ್ಕರೆ ನೀರು, ಹಾಲು ಎಲ್ಲ ಕುಡಿದ ಮೇಲೆ ಇಷ್ಟು,” ಎಂದರು ವಿಸ್ಮಿತಾ. “ಏಣಿಯಲ್ಲಿ ಇದ್ದಾಗ ಎಷ್ಟಿತ್ತೋ. ಎಪ್ಪತ್ತಕ್ಕಿಂತ ಕೆಳಗೆ ಹೋದ್ರೆ ಅಪಾಯ. ಬೆಳಿಗ್ಗೆ ಎಂತ ತಿಂದಿದ್ರಿ?”

“ಮೊಟ್ಟೆ. ನಿನ್ನೆ ಮಾಂಸ. ಆದರೆ ಅದು ಪೇಟೆಯ ಮಾಂಸ, ಧಾನ್ಯ ತಿಂದದ್ದು. ಅದರಿಂದಲೇ ಹೀಗಾಗುದು.”

“ಮಾತ್ರೆ?”

“ಮಾತ್ರೆ ಒಂದು ದಿನವೂ ತಪ್ಪಿಸ್ಲಿಲ್ಲ,” ಎಂದರು ರಮಾನಾಥರು ಹೆಮ್ಮೆಯಿಂದ.

ವಿಸ್ಮಿತಾ ಮಾತ್ರೆಯ ಚೀಟಿ ಓದಿ, ಅದನ್ನು ಮೇಜಿನ ಮೇಲೆ ಇಟ್ಟರು. “ನೋಡಿ, ನೀವು ಬಟ್ಟಲು ತುಂಬ ಅನ್ನ ತಿನ್ನುವಾಗ ಡಾಕ್ಟ್ರು ಈ ಮಾತ್ರೆ ಬರೆದದ್ದು. ಇದರಲ್ಲಿ ಒಂದು ಮಾತ್ರೆಯ ಕೆಲಸವೇ ರಕ್ತದ ಸಕ್ಕರೆ ಇಳಿಸುದು. ಅನ್ನ ಬಂದಿದೆಯಾ ಇಲ್ಲವಾ ಅಂತ ಅದು ನೋಡುದಿಲ್ಲ. ಅನ್ನ ನಿಲ್ಲಿಸಿದ್ರಿ, ಮಾತ್ರೆ ನಿಲ್ಲಲಿಲ್ಲ. ಇಳಿದದ್ದನ್ನೇ ಮತ್ತೆ ಮತ್ತೆ ಇಳಿಸ್ತಾ ಉಂಟು.”

“ಹಾಗಾದ್ರೆ ಆಡಿನದ್ದು ಎಂತ ಇಲ್ಲವಾ?”

“ಎಂತ ಇಲ್ಲ.”

ರಮಾನಾಥರು ಎರಡೂವರೆ ತಿಂಗಳು ಹೊತ್ತು ತಿರುಗಿದ ಪ್ರಶ್ನೆಯನ್ನು ಅಷ್ಟು ಸುಲಭದಲ್ಲಿ ಇಳಿಸಲು ಸಿದ್ಧರಿರಲಿಲ್ಲ. “ಹುಲ್ಲು ತಿಂದದ್ದು, ಧಾನ್ಯ ತಿಂದದ್ದು, ವ್ಯತ್ಯಾಸವೇ ಇಲ್ಲ ಅಂತ ಹೇಳುದಾ ನೀವು?”

“ಸ್ವಲ್ಪ ಉಂಟು. ಹುಲ್ಲು ಮೇಯ್ದದ್ದರಲ್ಲಿ ಸಾಧಾರಣವಾಗಿ ಕೊಬ್ಬು ಕಮ್ಮಿ. ಒಳ್ಳೆಯ ಜಾತಿಯ ಕೊಬ್ಬು ಒಂದು ಚೂರು ಜಾಸ್ತಿ. ಸಿಕ್ಕಿದ್ರೆ ತಗೊಳ್ಳಿ, ಬೇಡ ಅನ್ನುದಿಲ್ಲ. ಆದರೆ ಕಾರ್ಬ್ ಲೆಕ್ಕ ಹಿಡಿದ್ರೆ ಎರಡರಲ್ಲೂ ಇಲ್ಲ ಅಂತಲೇ ಹೇಳ್ಬೇಕು. ಆಡು ಜೋಳ ತಿಂದ್ರೆ ಮಾಂಸದಲ್ಲಿ ಜೋಳ ಕೂತಿರುದಿಲ್ಲ. ಯಾವುದು ತಿಂದ್ರೂ ಅಂಗೈಯಷ್ಟು, ಬಿಳಿ ಕೊಬ್ಬು ತೆಗೆದು, ದಿನಾ ಅಲ್ಲ. ಜೊತೆಗೆ ತರಕಾರಿ ಬೇಕು. ಇಷ್ಟು ಮಾಂಸ ಶುರು ಮಾಡುವ ಮೊದಲು ಕಿಡ್ನಿ ಒಮ್ಮೆ ಪರೀಕ್ಷೆ ಮಾಡಿಸ್ಬೇಕಿತ್ತು. ಮಾಡಿಸಿದ್ರಾ?”

ರಮಾನಾಥರು ಮೈಮೂನಮ್ಮನನ್ನು ನೋಡಿದರು. ಮೈಮೂನಮ್ಮ ಗೋಡೆಯ ಪೋಲಿಯೋ ಪೋಸ್ಟರನ್ನು ನೋಡಿದರು. ಕೊನೆಗೆ ರಮಾನಾಥರು ತಮ್ಮಲ್ಲಿ ಉಳಿದಿದ್ದ ಒಂದೇ ಸಂಗತಿಯನ್ನು ಮುಂದಿಟ್ಟರು.

“ಆದರೂ ಮೇಡಂ, ಮನೆಯಲ್ಲಿ ನಮ್ಮದೊಂದು ಆಡು ಉಂಟು. ಬರೀ ಸೊಪ್ಪು. ಒಂದು ಕಾಳು ಧಾನ್ಯ ಮುಟ್ಟಿಲ್ಲ. ಅದನ್ನಾದರೂ…”

“ಅದು ಅನ್ನ ತಿಂತದೆ,” ಎಂದರು ಕಾಂತಿ.

ರಮಾನಾಥರು ಕೂತಲ್ಲೇ ಹೆಂಡತಿಯ ಕಡೆಗೆ ತಿರುಗಿದರು.

“ಯಾವ ಅನ್ನ?”

“ನಿಮ್ಮ ಪಾಲಿನದ್ದು. ನಲ್ವತ್ತು ವರ್ಷದಿಂದ ಅದೇ ಪಾವಿನಲ್ಲಿ ಅಳೆದು ಹಾಕಿದ ಕೈ ಮಾರಾಯ್ರೆ, ಕಮ್ಮಿ ಹಾಕ್ಲಿಕ್ಕೆ ಬರುದಿಲ್ಲ. ನೀವು ಬಿಟ್ರಿ. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಒಂದು ಗಂಟೆ ಆಗುವಾಗ ಕರಿಯ ಅಡಿಗೆಮನೆ ಮೆಟ್ಟಿಲಿಗೆ ಬರ್ತದೆ. ಗಂಜಿ ತೆಳಿಯೂ ಅದಕ್ಕೇ.”

“ನಾನು ಕಟ್ಟಿ ಹಾಕಿದ್ದೆನಲ್ಲ?”

“ನೀವು ಬೇಗ ಉಂಡು ಮಲಗಿದ ಮೇಲೆ ಬಿಚ್ಚುದು.”

ಮೈಮೂನಮ್ಮ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ವಿಸ್ಮಿತಾ ನಗಲಿಲ್ಲ, ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನನ್ನೋ ಬಹಳ ನಿಧಾನವಾಗಿ ಬರೆದರು. ನಂತರ ಅಲ್ಲಿಂದಲೇ ಡಾಕ್ಟರಿಗೆ ಫೋನು ಹಚ್ಚಿದರು.

ಡಾಕ್ಟರು ಆ ಸಂಜೆಯೇ ಕರೆಸಿಕೊಂಡು ಪರೀಕ್ಷೆ ಮಾಡಿ ಒಂದು ಮಾತ್ರೆ ನಿಲ್ಲಿಸಿದರು, ಇನ್ನೊಂದನ್ನು ಉಳಿಸಿದರು. ಈ ಸಲ ಬೈಯಲಿಲ್ಲ. ಅದು ರಮಾನಾಥರಿಗೆ ಬೈದದ್ದಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಅನ್ನ ಕಮ್ಮಿ ಮಾಡುವುದು ಒಳ್ಳೆಯದೇ, ಆದರೆ ಮಾತ್ರೆ ಮತ್ತು ಅನ್ನ ಜೊತೆಜೊತೆಗೆ ಇಳಿಯಬೇಕು ಎಂದರು. ಈಗ ಮಧ್ಯಾಹ್ನ ಒಂದು ಸೌಟು ಅನ್ನ, ಎರಡು ಸೌಟು ಪಲ್ಯ, ಮೀನು. ಭಾನುವಾರ ಅಂಗೈಯಷ್ಟು ಮಾಂಸ, ಅದೇ ಬಂಟ್ವಾಳದ ಅಂಗಡಿಯದ್ದು. ಕಾಂತಿ ಪಾವು ಬಿಟ್ಟು ಸಣ್ಣ ಲೋಟದಲ್ಲಿ ಅಕ್ಕಿ ಅಳೆಯುತ್ತಾರೆ. ಎರಡು ತಿಂಗಳಿಂದ ನಡುಕ ಬಂದಿಲ್ಲ. ಸ್ಕೂಟರಿನ ಡಬ್ಬಿಯಲ್ಲಿ ಒಂದು ಪೊಟ್ಟಣ ಸಕ್ಕರೆ ಮಾತ್ರ ಸದಾ ಇರುತ್ತದೆ.

ಕತಾರಿನಿಂದ ಕೊನೆಗೂ ಉತ್ತರ ಬಂತು: “ಸೊಪ್ಪು ಲೆಕ್ಕಕ್ಕೆ ಬರ್ತದಂತೆ ಭಾವ.”

ಕರಿಯ ಇನ್ನೂ ಇದೆ. ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲಿಗೆ ಬಂದು ನಿಂತು, ಸಣ್ಣದಾದ ಪಾತ್ರೆಯನ್ನೂ ಅದರ ಮುಂದೆ ಕೂತವರನ್ನೂ ನೋಡುತ್ತದೆ. “ನಿನ್ನ ಪಾಲು ಮುಗಿಯಿತು ಮಾರಾಯ,” ಎಂದು ರಮಾನಾಥರು ಹೇಳುತ್ತಾರೆ. ಆದರೂ ಎದ್ದು ಹೋಗಿ ಹಲಸಿನ ಸೊಪ್ಪು ತಂದು ಹಾಕುತ್ತಾರೆ. ಕರಿಯನನ್ನು ಕೊಯ್ಯುವ ಮಾತು ಆ ಮನೆಯಲ್ಲಿ ಎದ್ದಿಲ್ಲ. ಎರಡು ತಿಂಗಳು ತನ್ನ ಬಟ್ಟಲಿನ ಅನ್ನ ಉಂಡವನನ್ನು ತಿನ್ನುವುದು ಹೇಗೆಂದು ರಮಾನಾಥರಿಗೆ ಗೊತ್ತಾಗುತ್ತಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆಯೇ? ಅನ್ನ ಬಿಡುವ ಮೊದಲು, ಉಪವಾಸ ಹಿಡಿಯುವ ಮೊದಲು, ಯಾರದೋ ಪಥ್ಯವನ್ನು ನಿಮ್ಮ ಮನೆಗೆ ತರುವ ಮೊದಲು ಡಾಕ್ಟರ ಹತ್ತಿರ ಮಾತ್ರೆಯ ಲೆಕ್ಕ ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಲೂ ಬೇಡಿ. ಬೆವರು, ನಡುಕ, ಕಣ್ಣು ಮಂಜು, ತೊದಲು ಬಂದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. ಕಾಲು ಗಂಟೆಯಲ್ಲಿ ನಡುಕ ನಿಲ್ಲದಿದ್ದರೆ ಇನ್ನೊಮ್ಮೆ ಕುಡಿಯಿರಿ. ನಿಂತರೂ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ, ಅದು ಮತ್ತೆ ಬರಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ನೂರ ಎಂಟಕ್ಕೆ ಫೋನು ಮಾಡಿ.

ಆಡು ಏನು ತಿಂದಿತ್ತೆಂದು ಆಮೇಲೆ ನಿಧಾನವಾಗಿ ವಿಚಾರಿಸಬಹುದು. ಕೇಳಬೇಕಿದ್ದರೆ ಮನೆಯವರನ್ನು ಕೇಳಿ.