ಹನ್ನೆರಡಕ್ಕೇ ಸಾಕು

“ಸಾಕು,” ಎಂದಳು ಅತ್ತಿಗೆ. ಅವಳ ಮುಂದಿದ್ದದ್ದು ಎರಡು ಇಸ್ಪೀಟೆಲೆ, ಒಂದು ಏಳು, ಒಂದು ಐದು.

“ಹನ್ನೆರಡಕ್ಕೇ ಸಾಕಾ? ನನ್ನ ಮುಂದೆ ರಾಜ ಕೂತಿರೋದು ಕಣ್ಣಿಗೆ ಕಾಣ್ತಿಲ್ವಾ? ಇದೇನು ನೆಂಟರ ಮನೆ ಊಟ ಅಲ್ಲ ಅತ್ತಿಗೆ, ನಾಚ್ಕೊಂಡು ಕೈ ಅಡ್ಡ ಹಿಡಿಯೋಕೆ!” ನಾದಿನಿ ತನ್ನ ಮುಚ್ಚಿದ ಎಲೆ ತಿರುಗಿಸಿದಳು. ಒಂಬತ್ತು. ಪಣಕ್ಕಿಟ್ಟ ಎರಡು ಅಂಗಿ ಗುಂಡಿಗಳು ಮೇಜಿನ ಆಚೆ ಬದಿಗೆ ಸರಿದವು.

ಮೂರು ದಿನದಿಂದ ಇದೇ ಪಾಠ. ಹೊಲಿಗೆ ಯಂತ್ರದ ಪಕ್ಕದ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜೇ ಇವರ ಕಣ. ನಾದಿನಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಬ್ಲ್ಯಾಕ್‌ಜ್ಯಾಕ್ ಎಂಬ ಈ ಇಸ್ಪೀಟಾಟ ಅವಳಿಗೆ ನರ್ಸಿಂಗ್ ಓದುವಾಗ ಹಾಸ್ಟೆಲಿನಲ್ಲಿ ಅಂಟಿಕೊಂಡದ್ದು. ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅತ್ತಿಗೆಗೆ ಯಂತ್ರದ ಸದ್ದೊಂದೇ ಮನೆಯ ಮಾತಾಗಿದೆ ಎಂದು ತಿಳಿದು, ಒಂದು ಕಟ್ಟು ಇಸ್ಪೀಟು ಹಿಡಿದುಕೊಂಡು ಬಂದಿದ್ದಳು.

“ಇನ್ನೊಂದ್ಸಲ ಹೇಳ್ತೀನಿ ಕೇಳಿ. ಇಪ್ಪತ್ತೊಂದರ ಹತ್ತಿರ ಹೋಗ್ಬೇಕು, ದಾಟಬಾರ್ದು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತು. ಎಕ್ಕ ಬೇಕಾದ್ರೆ ಒಂದು, ಬೇಕಾದ್ರೆ ಹನ್ನೊಂದು. ಹಂಚೋಳಿಗೆ ಸ್ವಂತ ಬುದ್ಧಿ ಇಲ್ಲ. ಹದಿನಾರರವರೆಗೂ ಎಲೆ ಎತ್ತಲೇಬೇಕು, ಹದಿನೇಳಾದ್ರೆ ನಿಲ್ಲಲೇಬೇಕು. ಬಾಯಿರೋದು ಆಡೋಳಿಗೆ ಮಾತ್ರ. ‘ಇನ್ನೊಂದು’ ಅನ್ನಿ, ಇಲ್ಲ ‘ಸಾಕು’ ಅನ್ನಿ. ನಿಮಗೆ ಎರಡನೇದೊಂದೇ ಬರೋದು.”

“ದಾಟಿಬಿಟ್ರೆ?”

“ದಾಟಿದ್ರೆ ಗುಂಡಿ ಹೋಗುತ್ತೆ. ಪ್ರಾಣ ಹೋಗಲ್ಲ.”

ಅತ್ತಿಗೆ ನಕ್ಕಳು. ನಗುತ್ತಲೇ ಕಣ್ಣು ಬಾಗಿಲ ಬಳಿಯಿದ್ದ ನಾದಿನಿಯ ಚೀಲದತ್ತ ಹೋಯಿತು. ಬೆಳಿಗ್ಗೆ ನಾದಿನಿ ತಲೆ ಬಾಚಿಕೊಳ್ಳುತ್ತ, “ಇನ್ನೆರಡು ದಿನ ಇದ್ದು ಹೋಗ್ಲಾ?” ಎಂದು ಕೇಳಿದ್ದಳು. ಅತ್ತಿಗೆಯ ಜೀವ ಹಿಗ್ಗಿತ್ತು. ಆದರೆ ಬಾಯಿ ಎಂದಿನ ಅಭ್ಯಾಸದಂತೆ, “ಮೂರು ದಿನ ಇದ್ಯಲ್ಲ, ಸಾಕು ಬಿಡಮ್ಮ. ನಿನಗೂ ನೂರೆಂಟು ಕೆಲಸ,” ಎಂದುಬಿಟ್ಟಿತ್ತು. ನಾದಿನಿ ಬಾಚಣಿಗೆಗೆ ಸಿಕ್ಕಿದ್ದ ಕೂದಲು ತೆಗೆದು, ಬಾಚಣಿಗೆಯನ್ನು ಚೀಲಕ್ಕೆ ಹಾಕಿದ್ದಳು. ಆಗಿನಿಂದ ಅತ್ತಿಗೆಗೆ ಒಂದೇ ಯೋಚನೆ, ಆ ಮಾತನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? ಹೊಲಿಗೆಯಾಗಿದ್ದರೆ ಬಿಚ್ಚಬಹುದಿತ್ತು.

“ಕೊನೇ ಆಟ. ಬಸ್ಸಿಗೆ ಹೊತ್ತಾಯ್ತು.” ನಾದಿನಿ ಹಂಚಿದಳು. ಅತ್ತಿಗೆಗೆ ಒಂದು ಹತ್ತು, ಒಂದು ನಾಲ್ಕು. ನಾದಿನಿಯ ಮುಂದೆ ರಾಣಿ, ಪಕ್ಕದಲ್ಲೊಂದು ಮುಚ್ಚಿದ ಎಲೆ.

“ಹೇಳಿ ಅತ್ತಿಗೆ.” ಮೇಲಿನ ಎಲೆಯನ್ನು ಕಟ್ಟಿನಿಂದ ಅರ್ಧ ಈಚೆ ಸರಿಸಿ, ಅವಳ ಮುಖವನ್ನೇ ನೋಡುತ್ತ ನಾದಿನಿ ಕಾದಳು.

ಅತ್ತಿಗೆ ಬಾಯಿ ತೆರೆದಳು. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

“ಸಾಕು,” ಎಂದಳು. “ಹೊರಡಮ್ಮ, ಬಸ್ಸು ತಪ್ಪುತ್ತೆ.”

ನಾದಿನಿ ಕಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ಇದು ಇಲ್ಲೇ ಇರ್ಲಿ,” ಎಂದು ಚೀಲ ಎತ್ತಿಕೊಂಡಳು.

ಬಸ್ಸು ಹತ್ತಿಸಿ ಬಂದಾಗ ಮೇಜಿನ ಮೇಲೆ ಆಟ ಬಿಟ್ಟಲ್ಲೇ ಇತ್ತು. ಅತ್ತಿಗೆ ತನ್ನ ಜಾಗದಲ್ಲಿ ಕೂತಳು. ಎದುರಿನ ಕುರ್ಚಿಯತ್ತ ನೋಡಿ, “ಇನ್ನೊಂದು,” ಎಂದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ತಾನೇ ಕೈ ಚಾಚಿ, ಅರ್ಧ ಈಚೆ ಬಂದಿದ್ದ ಎಲೆಯನ್ನು ಎಳೆದುಕೊಂಡಳು.

ಆರು. ಇಪ್ಪತ್ತಾಯಿತು.

ನಾದಿನಿಯ ಮುಚ್ಚಿದ ಎಲೆಯನ್ನು ಅವಳು ತಿರುಗಿಸಲಿಲ್ಲ. ಗಾಳಿಗೆ ಹಾರದಂತೆ ಅದರ ಮೇಲೊಂದು ಗುಂಡಿಯಿಟ್ಟು, ಯಂತ್ರದ ಸೂಜಿಗೆ ದಾರ ಪೋಣಿಸತೊಡಗಿದಳು.