ಮೂರನೆಯ ಹೆಜ್ಜೆ

ಸಿನಿಮಾದ ಹೊಡೆತದಲ್ಲಿ ತಲೆ ಮೊದಲು ತಿರುಗುತ್ತದೆ, ಮುಷ್ಟಿ ಆಮೇಲೆ ಬರುತ್ತದೆ. ನಡುವೆ ಒಂದು ಗೇಣು ಗಾಳಿ. ಹನ್ನೊಂದು ವರ್ಷದಿಂದ ಟ್ರೈಲರ್ ಎಡಿಟ್ ಮಾಡುತ್ತಿದ್ದ ಅವಳಿಗೆ ಇದು ಕರತಲಾಮಲಕ. ಆದರೆ ಈ ಶಾಟ್‌ನಲ್ಲಿ ಮುಷ್ಟಿಯೇ ಮೊದಲು ಬಂತು. ಎರಡು ಫ್ರೇಮ್ ಕಳೆದ ಮೇಲೆ ದವಡೆ ಪಕ್ಕಕ್ಕೆ ಸರಿಯಿತು. ತಲೆಬುರುಡೆ ಇದ್ದಲ್ಲೇ ಇತ್ತು. ಮುಂದಿನ ಫ್ರೇಮಿನಲ್ಲಿ ತುಟಿಯಿಂದ ರಕ್ತ ಹಾರಿತು. ಬಣ್ಣದ ನೀರಲ್ಲ. ಹೊಡೆದವನು ಚಿತ್ರದ ಹೀರೊ. ಕುಸಿದವನು ಅವಳ ಅಣ್ಣ.

ಅಣ್ಣ ಫೈಟರ್. ಈಗ ದವಡೆ ಮುರಿದು, ಹಲ್ಲುಗಳಿಗೆ ತಂತಿ ಬಿಗಿಸಿಕೊಂಡು, ಸ್ಟ್ರಾದಲ್ಲಿ ಹಾಲು ಹೀರುತ್ತಾ ಮನೆಯಲ್ಲಿ ಬಿದ್ದಿದ್ದ. ಅವನ ಟೈಮಿಂಗ್ ಕೆಟ್ಟಿತು, ತಾನೇ ಮುಂದೆ ಬಂದು ಏಟು ತಿಂದ ಎಂದು ಚಿತ್ರದ ಕಂಪನಿಯವರು ಸಾರಿಕೊಂಡು ಬಂದಿದ್ದರು. ಅಂಥ ಹೆಸರು ಬಂದ ಫೈಟರನ್ನು ಯಾರೂ ಮತ್ತೆ ಕರೆಯುವುದಿಲ್ಲ. ಅವನ ಜೊತೆ ಎತ್ತರದಿಂದ ಹಾರಲು ಯಾರಿಗೆ ಧೈರ್ಯ? ಅಂದು ಮೇಲಿನ ಮಹಡಿಯಲ್ಲಿ ಹಗ್ಗ ಕಟ್ಟಿಸುತ್ತಿದ್ದ ಫೈಟ್ ಮಾಸ್ಟರ್ ಏನನ್ನೂ ನೋಡಿರಲಿಲ್ಲ. ಅವರೂ ಅಣ್ಣನ ಮನೆಯವರ ಫೋನ್ ಎತ್ತುವುದನ್ನು ಬಿಟ್ಟಿದ್ದರು.

ಅವಳು ಪಕ್ಕದ ಕ್ಯಾಮೆರಾದ ಶಾಟನ್ನು ಹಿಂದಕ್ಕೆ ಎಳೆದು ನೋಡಿದಳು. ರಿಹರ್ಸಲ್‌ನಲ್ಲಿ ಮಾಸ್ಟರ್ ಗೊತ್ತುಮಾಡಿದ್ದು ಎರಡು ಹೆಜ್ಜೆ, ಆಮೇಲೆ ಹೊಡೆತ. ಟೇಕ್‌ನಲ್ಲಿ ಹೀರೊ ಮೂರು ಹೆಜ್ಜೆ ಇಟ್ಟಿದ್ದ. ಅಣ್ಣನ ಪಾದ ಕದಲಿರಲೇ ಇಲ್ಲ.

ನಿರ್ಮಾಪಕ ಅವಳ ಬೆನ್ನ ಹಿಂದೆಯೇ ನಿಂತಿದ್ದ.

"ನೋಡಮ್ಮ, ನಿಮ್ಮಣ್ಣ ಅಂತ ನಂಗೂ ಗೊತ್ತು. ಆದ್ರೆ ಈ ಏಟು ಟ್ರೈಲರ್‌ನಲ್ಲಿ ಇರ್ಲೇಬೇಕು. ಕಾಲೇಜು ಹುಡುಗ್ರು ಬರೋದೇ ಇದಕ್ಕೆ. ಮುಷ್ಟಿ, ಮುಖ, ಕತ್ತಲು. ಅರ್ಧ ಸೆಕೆಂಡ್ ಸಾಕು. ಇನ್ನೊಂದು ಮಾತು: ಈ ರೂಮಿಂದ ಒಂದೇ ಒಂದು ತುಣುಕು ಆಚೆ ಹೋದ್ರೂ ಅಣ್ಣ ತಂಗಿ ಇಬ್ರೂ ಈ ಫೀಲ್ಡ್ ಮರೆತುಬಿಡಿ."

"ಗೊತ್ತು ಸಾರ್."

ಆಚೆ ಹೋಗಲು ಅಪ್ಪಣೆ ಇದ್ದದ್ದು ಟ್ರೈಲರಿಗೆ ಮಾತ್ರ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ತಾಯಿಯ ಕಣ್ಣೀರು, ಪ್ರೇಮ, ಹಾಡು ಎಲ್ಲವನ್ನೂ ಕಿತ್ತೆಸೆದಳು. ಉಳಿದದ್ದು ಕೊಡಲಿ, ಬೆಂಕಿ, ಗಾಜಿಗೆ ನುಗ್ಗುವ ತಲೆ, ಹಿಮ್ಮುಖವಾಗಿ ಮಡಚಿಕೊಳ್ಳುವ ಮೊಣಕೈ. ಹನ್ನೆರಡು ಫ್ರೇಮ್, ಎಂಟು, ಐದು: ಒಂದೊಂದು ಶಾಟೂ ಹಿಂದಿನದಕ್ಕಿಂತ ಗಿಡ್ಡ. ವೇಗ ತುತ್ತತುದಿಗೇರಿದಾಗ ಸಂಗೀತದ ಕುತ್ತಿಗೆ ಹಿಸುಕಿದಳು. ಆ ನಿಶ್ಶಬ್ದದಲ್ಲಿ ಪಕ್ಕದ ಕ್ಯಾಮೆರಾದ ಶಾಟ್, ಇಡಿಯಾಗಿ. ಬೂಟಿನ ಸದ್ದು: ಟಕ್. ಟಕ್. ಟಕ್. ಆಮೇಲೆ ದವಡೆ.

"ಇದೇನಮ್ಮ, ಮೂರು ಸೆಕೆಂಡ್ ನಡಿಗೆ? ಮದುವೆ ವಿಡಿಯೋ ಮಾಡಿದ್ದೀಯಾ?"

"ಹುಡುಗ್ರಿಗೆ ಒಂದ್ಸಲ ತೋರಿಸಿ ನೋಡಿ ಸಾರ್. ಸದ್ದು ನಿಂತ್ರೆ ಉಸಿರು ಹಿಡೀತಾರೆ. ಉಸಿರು ಹಿಡಿದವರಿಗೆ ಏಟು ಎರಡರಷ್ಟು ತಾಗುತ್ತೆ."

ನಲವತ್ತು ಹುಡುಗರನ್ನು ಕೂರಿಸಿ ತೋರಿಸಿದರು. ಮೂರನೆಯ ಹೆಜ್ಜೆಗೆ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ದವಡೆ ಸರಿದದ್ದೇ ತಡ, ಶಿಳ್ಳೆಗೆ ಸೂರು ಹಾರಿಹೋಗುವಂತಾಯಿತು.

"ಒನ್ಸ್ ಮೋರ್! ಇನ್ನೊಂದ್ಸಲ ಮುರಿ ಗುರೂ!"

ಅವಳು ಶೌಚಾಲಯಕ್ಕೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಬಂದಾಗ ನಿರ್ಮಾಪಕನ ಹಲ್ಲೆಲ್ಲ ಹೊರಗಿದ್ದವು. "ಒಂದು ಫ್ರೇಮೂ ಮುಟ್ಟಬೇಡ!"

ಟ್ರೈಲರ್ ಬಿಡುಗಡೆಯಾದ ಮೂರನೆಯ ದಿನ ಫೈಟ್ ಮಾಸ್ಟರ್ ಮನೆಗೆ ಬಂದರು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ತಮ್ಮ ಫೋನನ್ನು ಅಣ್ಣನ ಮುಖದ ಮುಂದೆ ಹಿಡಿದರು.

"ಎಣಿಸಿದೆ ಕಣೋ. ನಮ್ಮ ಫೈಟರ್ ಹುಡುಗ್ರೆಲ್ಲ ಎಣಿಸಿದ್ರು. ಮೂರು! ನಿನ್ನ ಮೇಲೆ ಅನುಮಾನ ಪಟ್ಟೆನಲ್ಲೋ, ನಂಗೆ ಬುದ್ಧಿ ಇಲ್ಲ. ಇನ್ಮೇಲೆ ಆ ಹೀರೊ ಎದುರಿಗೆ ನಮ್ಮವರು ಒಬ್ರೂ ನಿಲ್ಲಲ್ಲ, ಬೇಕಾದ್ರೆ ಗೋಡೆಗೆ ಗುದ್ಕೊಳ್ಳಲಿ. ತಂತಿ ಬಿಚ್ಚಿದ ಮಾರನೇ ದಿನ ನೀನು ನನ್ನ ಹತ್ರ ಕೆಲಸಕ್ಕೆ ಬಂದು ನಿಲ್ಲು."

ಅಣ್ಣನ ಕಣ್ಣು ತುಂಬಿತು. ದಿಂಬಿನ ಪಕ್ಕದಲ್ಲಿದ್ದ ಕಾಗದ, ಪೆನ್ಸಿಲ್ ಎತ್ತಿಕೊಂಡು ಏನೋ ಗೀಚಿದ. ಮಾಸ್ಟರಿಗಿರಬೇಕು ಎಂದುಕೊಂಡಳು. ಅವನು ತಿರುಗಿಸಿದ್ದು ಅವಳ ಕಡೆಗೆ.

'ಜನ ಶಿಳ್ಳೆ ಹೊಡೆದ್ರಾ?'

ಅವಳು ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿದಳು.

"ಹೊಡೆದ್ರು ಅಣ್ಣ. ಎಲ್ಲಾರೂ."

ಅಣ್ಣ ನಗಲು ಹೋದ. ತಂತಿ ಜಗ್ಗಿ, ಒಸಡಿನಿಂದ ರಕ್ತ ಇಳಿಯಿತು. ಆದರೂ ನಗುವುದನ್ನು ನಿಲ್ಲಿಸಲಿಲ್ಲ.